ಗುಲಾಬಿ ರೇಷ್ಮೆಯ ವ್ಯಾಪಾರಿ ದಿನಾ ಹೀಗೇ ಕೂರುತ್ತಿದ್ದನಾ?

ಪ್ರಶ್ನೆ: ಯುರೋಪಿನ ಹಳೆಯ ಚಿತ್ರಗಳಲ್ಲಿ ಶ್ರೀಮಂತ ವ್ಯಾಪಾರಿಗಳ ಸುತ್ತ ಸಾಮಾನು ತುಂಬಿರುತ್ತದೆ. ಅವರು ನಿಜಕ್ಕೂ ಹಾಗೇ ಬದುಕುತ್ತಿದ್ದರಾ, ಇಲ್ಲಾ ಸುಮ್ನೆ ತೋರಿಕೆಗಾ?

ಉತ್ತರ: ಎರಡೂ ಇದೆ. ಜರ್ಮನ್ ಚಿತ್ರಕಾರ ಹಾನ್ಸ್ ಹೋಲ್ಬೈನ್ 1532ರಲ್ಲಿ ಬರೆದ, ಗಿಯೋರ್ಗ್ ಗೀಸೆ ಎಂಬ ವ್ಯಾಪಾರಿಯ ಚಿತ್ರವನ್ನೇ ನೋಡಿ. ಈಗ ಅದು ಬರ್ಲಿನ್‌ನಲ್ಲಿದೆ.

ಗೀಸೆ 1497ರಲ್ಲಿ ಡಾನ್‌ಜಿಗ್‌ನಲ್ಲಿ, ಅಂದರೆ ಇವತ್ತಿನ ಪೋಲೆಂಡಿನ ಗ್ದಾನ್‌ಸ್ಕ್‌ನಲ್ಲಿ ಹುಟ್ಟಿದವನು. ವ್ಯಾಪಾರ ಲಂಡನ್ನಿನ ಸ್ಟೀಲ್‌ಯಾರ್ಡ್‌ನಲ್ಲಿ. ಥೇಮ್ಸ್ ದಂಡೆಯ ಈ ಜಾಗ ಜರ್ಮನ್ ವ್ಯಾಪಾರಿಗಳದ್ದೇ ಒಂದು ಪುಟ್ಟ ಊರು. ಗೋಡೆ, ಗೋದಾಮು, ಕಟ್ಟುನಿಟ್ಟಿನ ನಿಯಮ ಎಲ್ಲಾ ಇತ್ತು. ಮೇಣ, ಮರ, ಧಾನ್ಯ ಬರುತ್ತಿತ್ತು, ಇಂಗ್ಲೆಂಡಿನ ಬಟ್ಟೆ ಹೋಗುತ್ತಿತ್ತು. ಇವರಿಗೆ ಸುಂಕದಲ್ಲಿ ರಿಯಾಯಿತಿ ಬೇರೆ. ಲಂಡನ್ನಿನವರಿಗೆ ಹೊಟ್ಟೆ ಉರಿಯದೆ ಇರುತ್ತದಾ?

ಚಿತ್ರದಲ್ಲಿರುವ ಕೆಲಸದ ಸಾಮಾನೆಲ್ಲ ಅಸಲಿ. ಮುದ್ರೆ, ಕತ್ತರಿ, ಮಸಿಯ ಸರಂಜಾಮು, ನಾಣ್ಯ, ಚಿನ್ನ ತೂಗುವಂಥ ಸಣ್ಣ ತಕ್ಕಡಿ. ನನಗೆ ಜಾಸ್ತಿ ಇಷ್ಟವಾದದ್ದು ನೇತುಹಾಕಿದ ಒಂದು ಲೋಹದ ಗುಂಡು. ಅದರೊಳಗಿಂದ ದಾರ ಇಳಿಬಿದ್ದಿದೆ. ನಮ್ಮ ಹಳೇ ದಿನಸಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ತಲೆ ಮೇಲೆ ದಾರದ ಉಂಡೆ ಇರುತ್ತಿತ್ತಲ್ಲ, ಅದೇ ಉಪಾಯ. ಇಲ್ಲಿ ಕಟ್ಟುವುದು ಕಾಗದಪತ್ರ.

ಕಾಗದವೇ ಅವನ ಬಂಡವಾಳ. ಹಿಂದಿನ ಗೋಡೆಗೆ ಅಡ್ಡಪಟ್ಟಿ ಹೊಡೆದು ಪತ್ರಗಳನ್ನು ಸಿಕ್ಕಿಸಿದ್ದಾನೆ. ಕೈಯಲ್ಲಿರುವ ಪತ್ರದ ವಿಳಾಸವನ್ನು ಈಗಲೂ ಓದಬಹುದು: ಲಂಡನ್ನಿನಲ್ಲಿರುವ ನನ್ನ ಸಹೋದರ ಗೀಸೆಯ ಕೈಗೆ. ಅಂದಹಾಗೆ, ಇವನ ಅಣ್ಣ ಟೀಡೆಮನ್ ಬಿಷಪ್ ಆದವನು, ಕೋಪರ್ನಿಕಸ್‌ನ ಆಪ್ತ ಸ್ನೇಹಿತ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬ ಪುಸ್ತಕವನ್ನು ಅಚ್ಚು ಹಾಕಿಸು ಎಂದು ಅವನ ಬೆನ್ನು ಬಿದ್ದವರಲ್ಲಿ ಒಬ್ಬ.

ಇನ್ನು ತೋರಿಕೆ. ಮಸಿ ಚೆಲ್ಲುವ ಮೇಜಿನ ಮುಂದೆ ಯಾರಾದರೂ ಗುಲಾಬಿ ರೇಷ್ಮೆಯ ದೊಗಲೆ ತೋಳು ಹಾಕಿಕೊಂಡು ಕೂರುತ್ತಾರಾ? ಮೇಜಿನ ಮೇಲೆ ಹಾಸಿರುವುದು ಟರ್ಕಿ ಕಡೆಯ ರತ್ನಗಂಬಳಿ. ಅದರ ಅಂಚಿಗೇ ಗಾಜಿನ ಹೂದಾನಿ, ಅದರಲ್ಲಿ ಕಾರ್ನೇಶನ್ ಹೂ. ಕೈ ತಗುಲಿದರೆ ಮುಗೀತು! ಆ ಹೂ ನಿಶ್ಚಿತಾರ್ಥದ ಗುರುತು ಎನ್ನುತ್ತಾರೆ. ಅವನು ಊರಿಗೆ ಮರಳಿ ಮದುವೆಯಾದದ್ದು 1535ರಲ್ಲಿ. ಇಷ್ಟೆಲ್ಲ ಸಡಗರದ ನಡುವೆ ಗೋಡೆ ಮೇಲೆ ಅವನ ಧ್ಯೇಯವಾಕ್ಯ: ದುಃಖವಿಲ್ಲದ ಸುಖವಿಲ್ಲ.

ಇಷ್ಟು ಸಾಮಾನು ತುಂಬಿದ್ದರಲ್ಲಿ ಹೋಲ್ಬೈನ್‌ನ ಲೆಕ್ಕಾಚಾರವೂ ಇತ್ತು ಅಂತ ನನ್ನ ಅನಿಸಿಕೆ. ಅವನು ಆಗಷ್ಟೇ ಲಂಡನ್ನಿಗೆ ಮರಳಿದ್ದ. ಹಿಂದೆ ಆಸರೆ ಕೊಟ್ಟಿದ್ದ, ಇಂಗ್ಲೆಂಡ್ ರಾಜನ ದೊಡ್ಡ ಮಂತ್ರಿ ಥಾಮಸ್ ಮೋರ್ ಅದೇ ವರ್ಷ ಅಧಿಕಾರ ಬಿಟ್ಟಿದ್ದ. ಗಾಜು, ಲೋಹ, ರೇಷ್ಮೆ, ಉಣ್ಣೆ ಎಲ್ಲವನ್ನೂ ಒಂದೇ ಹಲಗೆಯ ಮೇಲೆ ಬರೆದು ತೋರಿಸಿದರೆ ಪಕ್ಕದ ವ್ಯಾಪಾರಿಗಳೂ ಬರುತ್ತಾರೆ, ಅಲ್ವಾ? ಬಂದರು ಕೂಡ. ಸ್ಟೀಲ್‌ಯಾರ್ಡ್‌ನ ಇನ್ನೂ ಹಲವರನ್ನು ಅವನು ಬರೆದ. ಆದರೆ ಆ ಚಿತ್ರಗಳಲ್ಲಿ ಇಷ್ಟು ಸಾಮಾನಿಲ್ಲ.