ಅಂಗೈಯಲ್ಲಿ ಚಾವಿ, ತಲೆಯಲ್ಲಿ ಮಿಂಚು

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಒಂದು ಸಂಜೆ ಗಿರ್ಮಿಟ್ ಕಟ್ಟಿಸಿಕೊಳ್ಳಲು ನಿಂತಿದ್ದೆ. ಪಕ್ಕದಲ್ಲಿದ್ದ ಹುಡುಗ ಒಮ್ಮೆಲೆ ಚೀರಿ ನೆಲಕ್ಕೆ ಬಿದ್ದ. ಮೈ ಸೆಟೆದುಕೊಂಡಿತು. ಕೈಕಾಲು ಜಗ್ಗತೊಡಗಿದವು. ಬಾಯಲ್ಲಿ ನೊರೆ. "ಫಿಟ್ಸ್ ಬಂದೈತಿ, ಯಾರರೆ ಚಾವಿ ಕೊಡ್ರಿ!" ಎಂದು ಯಾರೋ ಕೂಗಿದರು. ಒಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಇನ್ನೊಬ್ಬರು ಬೈಕಿನ ಚಾವಿ ಗೊಂಚಲನ್ನು ಅವನ ಮುಷ್ಟಿಗೆ ತುರುಕಿದರು. ಸ್ವಲ್ಪ ಹೊತ್ತಿಗೆ ಮೈ ಸಡಿಲಾಯಿತು. "ನೋಡ್ರಿ, ಕಬ್ಬಿಣ ಹಿಡಿಸಿದಕೂಡ್ಲೆ ನಿಂತು" ಎಂದರು ಹಿರಿಯರೊಬ್ಬರು. ಹುಡುಗನ ಬೆರಳು ಬಿಡಿಸಿದಾಗ ಅಂಗೈ ಮೇಲೆ ಚಾವಿಯ ಹಲ್ಲುಗಳ ಗುರುತು ಕೆಂಪಗೆ ಮೂಡಿತ್ತು.

ಆ ಹಿರಿಯರು ಸುಳ್ಳು ಹೇಳಲಿಲ್ಲ. ಕಣ್ಣಾರೆ ಕಂಡದ್ದನ್ನೇ ಹೇಳಿದರು. ಆದರೆ ಫಿಟ್ಸ್ ಸಾಮಾನ್ಯವಾಗಿ ಒಂದರಿಂದ ಮೂರು ನಿಮಿಷದೊಳಗೆ ತಾನಾಗಿಯೇ ನಿಲ್ಲುತ್ತದೆ. ಗುಂಪು ಸೇರಿ, ಚಾವಿ ಹುಡುಕಿ, ಮುಷ್ಟಿ ಬಿಡಿಸಿ ಇಡುವಷ್ಟರಲ್ಲಿ ಆ ಹೊತ್ತು ಮುಗಿದಿರುತ್ತದೆ. ಹೀಗಾಗಿ ಚಾವಿ ಪ್ರತಿ ಸಲವೂ ಗೆಲ್ಲುತ್ತದೆ. ಮಾಡಬೇಕಾದದ್ದು ಸ್ವಲ್ಪವೇ. ಸುತ್ತಲಿನ ಕಲ್ಲು, ಚೂಪಾದ ವಸ್ತು ಸರಿಸಿ, ತಲೆ ಕೆಳಗೆ ಮೆತ್ತಗಿನದ್ದೇನಾದರೂ ಇಡಿ. ಆದಷ್ಟು ಬೇಗ ಒಂದು ಮಗ್ಗುಲಿಗೆ ಹೊರಳಿಸಿ, ಎಂಜಲು ಹೊರಗೆ ಹರಿಯಲಿ. ಕೈಕಾಲು ಒತ್ತಿ ಹಿಡಿಯಬೇಡಿ. ಬಾಯಿಗೆ ಚಮಚ, ಬಟ್ಟೆ, ನೀರು ಯಾವುದೂ ಬೇಡ. ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, 108ಕ್ಕೆ ಫೋನ್ ಮಾಡಿ.

ಈ ರೋಗಕ್ಕೆ ಮನುಷ್ಯ ಹುಡುಕಿದ ಕಾರಣಗಳ ಕಥೆ ಬಹಳ ಉದ್ದ. ಗಾಳಿ ಸೋಕಿದೆ, ದೆವ್ವ ಬಡಿದಿದೆ ಎನ್ನುವುದು ನಮ್ಮಲ್ಲಿ ಮಾತ್ರ ಇದ್ದ ಮಾತಲ್ಲ. ಗ್ರೀಸಿನಲ್ಲೂ ಇದನ್ನು ದೇವರು ಕೊಟ್ಟ ರೋಗ ಅನ್ನುತ್ತಿದ್ದರು. ಸುಮಾರು 2,400 ವರ್ಷಗಳ ಹಿಂದೆಯೇ ಹಿಪ್ಪೊಕ್ರೇಟಿಸನ ಬಳಗದ ವೈದ್ಯರು ಅದನ್ನು ಅಲ್ಲಗಳೆದು, ಉಳಿದ ರೋಗಗಳಂತೆ ಇದೂ ಒಂದು, ಇದರ ಮೂಲ ಮೆದುಳಿನಲ್ಲಿದೆ ಎಂದು ಬರೆದರು. ನಮ್ಮ ಚರಕ ಸಂಹಿತೆ ಇದನ್ನು ಅಪಸ್ಮಾರ ಎಂದು ಕರೆಯಿತು. ಸ್ಮೃತಿ, ಅಂದರೆ ನೆನಪು, ತಪ್ಪಿಹೋಗುವುದು ಎಂದು ಅರ್ಥ. ನಟರಾಜನ ಕಾಲಡಿ ಬಿದ್ದಿರುವ ಕುಳ್ಳನಿಗೂ ಅದೇ ಹೆಸರು. ಚರಕದಲ್ಲಿ ಉನ್ಮಾದಕ್ಕೆ ಒಂದು ಅಧ್ಯಾಯ, ಅಪಸ್ಮಾರಕ್ಕೆ ಇನ್ನೊಂದು. ಹುಚ್ಚೇ ಬೇರೆ, ಮೂರ್ಛೆಯೇ ಬೇರೆ ಎಂದು ಅವರಿಗೆ ಅಷ್ಟು ಹಿಂದೆಯೇ ಗೊತ್ತಿತ್ತು. ಈ ಗೆರೆ ಆಮೇಲೆ ಅಳಿಸಿಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ. ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಗಳಲ್ಲಿ ಮೂರ್ಛೆ ರೋಗಿಗಳನ್ನೂ ಕೂಡಿಹಾಕುತ್ತಿದ್ದರು.

ಮೆದುಳಿನಲ್ಲಿ ಆಗುವುದೇನು ಎಂಬುದಕ್ಕೆ ಮೊದಲ ಸುಳಿವು ಸಿಕ್ಕಿದ್ದು ಕಪ್ಪೆಯ ಕಾಲಿನಿಂದ. ಇಟಲಿಯ ಲುಯಿಜಿ ಗಾಲ್ವಾನಿ ಸತ್ತ ಕಪ್ಪೆಯ ಕಾಲಿಗೆ ವಿದ್ಯುತ್ತು ತಾಗಿಸಿದಾಗ ಅದು ಒದೆಯಿತು. ನರ ಕೆಲಸ ಮಾಡುವುದು ವಿದ್ಯುತ್ತಿನಿಂದ ಎಂದು ಅವನು 1791ರಲ್ಲಿ ಬರೆದ. ಅವನ ಊಹೆ ಗಟ್ಟಿಯಾಗಿತ್ತು. ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಪ್ರತಿಯೊಂದರ ಒಳಗೂ ಹೊರಗೂ ಸೋಡಿಯಂ, ಪೊಟ್ಯಾಷಿಯಂ ಬೇರೆ ಬೇರೆ ಪ್ರಮಾಣದಲ್ಲಿರುತ್ತವೆ. ಅದರಿಂದ ಕೋಶದ ಗೋಡೆಯ ಎರಡು ಬದಿಗೆ ಸುಮಾರು 70 ಮಿಲಿವೋಲ್ಟಿನ ವ್ಯತ್ಯಾಸ ಉಳಿಯುತ್ತದೆ. ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ಲಿನ ಇಪ್ಪತ್ತನೇ ಒಂದು ಪಾಲು ಅಷ್ಟೇ. ಕೋಶದ ಬಾಗಿಲು ತೆರೆದು ಸೋಡಿಯಂ ಒಳನುಗ್ಗಿದಾಗ ಒಂದು ಮಿಂಚು ಹೊಡೆದು ಮುಂದಿನ ಕೋಶಕ್ಕೆ ಸುದ್ದಿ ಹೋಗುತ್ತದೆ. ಕೆಲವು ಕೋಶಗಳ ಕೆಲಸ ಪಕ್ಕದವರನ್ನು ಎಬ್ಬಿಸುವುದು, ಕೆಲವಕ್ಕೆ ಸುಮ್ಮನಿರಿಸುವುದು. ಈ ಬ್ರೇಕ್ ಇರದಿದ್ದರೆ ಒಂದು ಬೆರಳನ್ನೂ ನೆಟ್ಟಗೆ ಎತ್ತಲು ಆಗುವುದಿಲ್ಲ.

ದುರ್ಗದಬೈಲಿನ ಗದ್ದಲ ನೆನಪಿಸಿಕೊಳ್ಳಿ. ಒಬ್ಬರು ಬೆಲೆ ಕೇಳುತ್ತಾರೆ, ಒಬ್ಬರು ಚಿಲ್ಲರೆ ಎಣಿಸುತ್ತಾರೆ, ಇನ್ನೊಬ್ಬರು ಮಗುವನ್ನು ಕೂಗುತ್ತಾರೆ. ಗದ್ದಲವೇ ಆದರೂ ವ್ಯಾಪಾರ ನಡೆಯುತ್ತದೆ. ಅಷ್ಟೂ ಜನ ಇದ್ದಕ್ಕಿದ್ದಂತೆ ಮಾತು ಬಿಟ್ಟು ಒಂದೇ ತಾಳಕ್ಕೆ ಚಪ್ಪಾಳೆ ತಟ್ಟತೊಡಗಿದರೆ? ವ್ಯಾಪಾರ ಅಲ್ಲಿಗೇ ನಿಂತಂತೆ. ಫಿಟ್ಸ್ ಅಂದರೆ ಇದೇ. ಕೋಶಗಳು ಹದ ತಪ್ಪಿ ಒಟ್ಟಿಗೆ ಮಿಂಚುತ್ತವೆ. 1870ರ ದಶಕದಲ್ಲಿ ಲಂಡನ್ನಿನ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ರೋಗಿಗಳನ್ನು ಸುಮ್ಮನೆ ನೋಡಿ ನೋಡಿಯೇ ಇದನ್ನು ಕಂಡುಕೊಂಡರು. ಕೆಲವರಲ್ಲಿ ಜಗ್ಗುವಿಕೆ ಹೆಬ್ಬೆರಳಿನಲ್ಲಿ ಶುರುವಾಗಿ ತೋಳಿಗೆ, ಮುಖಕ್ಕೆ ಸಾಲಾಗಿ ಹೋಗುತ್ತಿತ್ತು. ಹಾಗಾದರೆ ಮೆದುಳಿನಲ್ಲೂ ಬೆರಳಿಗೆ, ತೋಳಿಗೆ, ಮುಖಕ್ಕೆ ಅಕ್ಕಪಕ್ಕದಲ್ಲಿ ಜಾಗಗಳಿರಬೇಕು, ಮಿಂಚು ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತಿರಬೇಕು ಎಂದು ಅವರು ತರ್ಕಿಸಿದರು. ಯಾವ ಯಂತ್ರವೂ ಇಲ್ಲದೆ! ಅದನ್ನು ಗೆರೆಗಳಾಗಿ ಹಾಳೆ ಮೇಲೆ ತೋರಿಸುವ ಯಂತ್ರ ಬರಲು ಇನ್ನೂ ಐವತ್ತು ವರ್ಷ ಬೇಕಾಯಿತು. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮೆದುಳಿನ ಅಲೆಗಳನ್ನು ಮೊದಲ ಸಲ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಇವತ್ತು ಡಾಕ್ಟರು "ಇಇಜಿ ಮಾಡಿಸಿಕೊಂಡು ಬನ್ನಿ" ಅನ್ನುವುದು ಈ ಅಲೆಗಳ ದಾಖಲೆಗೇ.

ಔಷಧಿಯ ದಾರಿ ಅಡ್ಡಾದಿಡ್ಡಿಯಾಗಿತ್ತು. 1857ರಲ್ಲಿ ಬ್ರೋಮೈಡ್ ಬಂತು. ಫಿಟ್ಸ್ ಕಡಿಮೆಯಾಯಿತು, ಆದರೆ ರೋಗಿಗಳು ಮಂಕಾದರು. 1912ರಲ್ಲಿ ಆಲ್ಫ್ರೆಡ್ ಹಾಪ್ಟ್‌ಮನ್ ನಿದ್ದೆ ಬರಲೆಂದು ಕೊಟ್ಟ ಫಿನೋಬಾರ್ಬಿಟಾಲ್ ಫಿಟ್ಸನ್ನೂ ತಡೆಯುವುದನ್ನು ಗಮನಿಸಿದರು. 'ಗಾರ್ಡಿನಾಲ್ ಗುಳಿಗಿ' ಅಂದರೆ ನಮ್ಮ ಕಡೆಯ ಹಳಬರಿಗೆ ಗೊತ್ತು, ಅದೇ ಇದು. ಇದು ಮೆದುಳಿನ ಬ್ರೇಕನ್ನು ಗಟ್ಟಿ ಮಾಡುತ್ತದೆ. 1938ರಲ್ಲಿ ಬಂದ ಫೆನಿಟಾಯಿನ್ ಸೋಡಿಯಂ ಬಾಗಿಲು ಪದೇ ಪದೇ ತೆರೆಯದಂತೆ ನೋಡಿಕೊಳ್ಳುತ್ತದೆ. ಅದರಿಂದ ಮಂಕು ಕಡಿಮೆ, ಆದರೆ ಕೆಲವರಿಗೆ ಒಸಡು ಬಾಯುತ್ತದೆ. ಸರಿಯಾದ ಔಷಧಿ ತಪ್ಪದೆ ತೆಗೆದುಕೊಂಡರೆ ಹತ್ತರಲ್ಲಿ ಏಳು ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಮ್ಮ ರಾಜ್ಯದಲ್ಲಿ ಜಾಸ್ತಿ ಕಾಣುವ ಒಂದು ಬಗೆಯೂ ಇದೆ. ತಲೆಗೆ ಚೆಂಬಿನಿಂದ ಸುಡುಸುಡು ನೀರು ಎರೆದುಕೊಳ್ಳುವಾಗ ಬರುವ ಫಿಟ್ಸ್ ಅದು. ಮೈಸೂರು ಸೀಮೆಯಲ್ಲಿ ಹೆಚ್ಚು ಕಂಡಿದ್ದು, ಬೆಂಗಳೂರಿನ ವೈದ್ಯರು ಇದನ್ನು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಬಚ್ಚಲಲ್ಲಿ ಬಿದ್ದರೆ ಗಾಳಿ ಸೋಕಿತು ಅನ್ನುವ ಮೊದಲು ಹಂಡೆಯ ನೀರು ಮುಟ್ಟಿ ನೋಡಬೇಕು. ಎಷ್ಟೋ ಜನಕ್ಕೆ ಉಗುರುಬೆಚ್ಚಗಿನ ನೀರು ಸಾಕು.

ಇಷ್ಟೆಲ್ಲ ತಿಳಿದ ಮೇಲೂ ಕಾನೂನು ಹಿಂದೆ ಬಿತ್ತು. ಹಿಂದೂ ವಿವಾಹ ಕಾಯ್ದೆಯಲ್ಲಿ 1955ರಲ್ಲಿ ಮೂರ್ಛೆ ರೋಗದ ಮಾತೇ ಇರಲಿಲ್ಲ. 1976ರ ತಿದ್ದುಪಡಿ ಹುಚ್ಚಿನ ಜೊತೆಗೇ ಅದನ್ನೂ ಸೇರಿಸಿತು. ಮತ್ತೆ ಮತ್ತೆ ಮೂರ್ಛೆ ಬರುವವರ ಮದುವೆಯನ್ನು ರದ್ದು ಮಾಡಲು ದಾರಿಯಾಯಿತು. ಚರಕ ಬೇರೆ ಮಾಡಿದ್ದನ್ನು ಸಂಸತ್ತು ಮತ್ತೆ ಒಂದು ಮಾಡಿತ್ತು. ಆ ಪದವನ್ನು ತೆಗೆದದ್ದು 1999ರಲ್ಲಿ.

ಕಾನೂನಿನಿಂದ ಹೋದದ್ದು ಮನೆಗಳಿಂದ ಹೋಗಲಿಲ್ಲ. ನಮ್ಮ ಕಾಕಾನ ಮಗಳ ಮದುವೆ ಆದದ್ದು ಅದಾಗಿ ಎಷ್ಟೋ ವರ್ಷದ ಮೇಲೆ. "ಹೇಳಬ್ಯಾಡ್ರಿ, ಹುಡುಗ್ಯಾರಿಗೆ ಫಿಟ್ಸ್ ಅಂದ್ರ ಯಾರ್ ಮಾಡ್ಕೋತಾರ" ಎಂದು ಹಿರಿಯರು ಬಾಯಿ ಮುಚ್ಚಿಸಿದರು. ಗದಗ ಕಡೆಯ ಅತ್ತೆಮನೆಯಲ್ಲಿ ಅವಳು ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ ಕುಂಕುಮದ ಭರಣಿಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಎಲ್ಲರೂ ಮಲಗಿದ ಮೇಲೆ ಒಂದು ತೆಗೆದು, ಸೆರಗಿಗೆ ಕೆಂಪು ಒರೆಸಿ ನುಂಗುತ್ತಿದ್ದಳು. ಶಿವರಾತ್ರಿ ಬಂತು. ಉಪವಾಸ, ಜಾಗರಣೆ, ಮನೆ ತುಂಬ ಜನ. ಎರಡು ದಿನ ಮಾತ್ರೆ ತಪ್ಪಿತು. ನಿದ್ದೆಗೆಟ್ಟ ಮೆದುಳಿನಲ್ಲಿ ಬ್ರೇಕ್ ಸಡಿಲಾಗಿರುತ್ತದೆ. ಬೆಳಗಿನ ಜಾವ ಅಂಗಳದಲ್ಲಿ ರಂಗೋಲಿ ಹಾಕುತ್ತಾ ಬಿದ್ದಳು. ಮೊದಲು ಚೀಟಿ, ತಾಯತ ಆಯಿತು. ಆಮೇಲೆ ಹುಬ್ಬಳ್ಳಿಯ ನರರೋಗ ತಜ್ಞರೊಬ್ಬರು ಅತ್ತೆ, ಗಂಡ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಅರ್ಧ ತಾಸು ತಿಳಿಸಿ ಹೇಳಿದರು.

ಈಗ ಮಾತ್ರೆಯ ಹಾಳೆ ಅಡುಗೆಮನೆಯಲ್ಲಿ ಕ್ಯಾಲೆಂಡರಿನ ಮೊಳೆಗೇ ಸಿಕ್ಕಿಸಿರುತ್ತದೆ. ಶಿವರಾತ್ರಿಯ ದಿನ ಉಳಿದವರೆಲ್ಲ ಭಜನೆಗೆ ಕೂತಾಗ ಅತ್ತೆ ಅವಳಿಗೆ ಒಳಗಿನ ಕೋಣೆಯಲ್ಲಿ ಹಾಸಿಗೆ ಹಾಸಿಕೊಡುತ್ತಾರೆ. ದೀಪ ಆರಿಸುವ ಮೊದಲು ಬಾಗಿಲಲ್ಲಿ ನಿಂತು ಕೇಳುತ್ತಾರೆ, "ಗುಳಿಗಿ ತಗೊಂಡಿಯೇನವಾ?"