ಪೆಡಿಕಲ್‌ಗೆ ಸೂಜಿ ಇಳಿಸುವುದು: ಪರದೆಯನ್ನು ಎಷ್ಟು ನಂಬಬೇಕು?

ಬೆನ್ನುಮೂಳೆಗೆ ಸ್ಕ್ರೂ ಕೂರಿಸಲು ಮೊದಲು ಪೆಡಿಕಲ್‌ನಲ್ಲಿ, ಅಂದರೆ ಕಶೇರುಕದ (ಬೆನ್ನುಮೂಳೆಯ ಒಂದು ತುಂಡಿನ) ಮುಂಭಾಗವನ್ನು ಹಿಂಭಾಗಕ್ಕೆ ಜೋಡಿಸುವ ಸಣ್ಣ ಮೂಳೆಗಂಬದಲ್ಲಿ, ಸೂಜಿಯಿಂದ ದಾರಿ ಮಾಡಬೇಕು. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಮೂಳೆ ಕಣ್ಣೆದುರಿಗೇ ಇರುತ್ತದೆ. ಚರ್ಮದ ಸಣ್ಣ ಗಾಯದೊಳಗಿಂದ ಜಮ್‌ಶೀದಿ ಸೂಜಿ (ಮೂಳೆಯೊಳಗೆ ಹೋಗುವ ಟೊಳ್ಳು ಸೂಜಿ) ಇಳಿಸುವಾಗ ಕಾಣುವುದು ಚಿತ್ರ ಮಾತ್ರ. ಆ ಚಿತ್ರ ಯಾವಾಗ ದಾರಿ ತಪ್ಪಿಸುತ್ತದೆ ಎಂದು ತಿಳಿದಿರುವುದು ಸೂಜಿ ಹಿಡಿಯುವ ಕೌಶಲದಷ್ಟೇ ಮುಖ್ಯ.

ಮೊದಲು ಸಿ-ಆರ್ಮ್, ಅಂದರೆ ಶಸ್ತ್ರಚಿಕಿತ್ಸೆಯ ನಡುವೆಯೇ ಚಿತ್ರ ತೋರಿಸುವ ಎಕ್ಸ್‌ರೇ ಯಂತ್ರ. ಎ-ಪಿ (ಮುಂದೆ-ಹಿಂದೆ ದಿಕ್ಕಿನ) ಚಿತ್ರ ನೇರವಾಗಿದೆಯೇ ನೋಡಿ: ಕಶೇರುಕದ ಮೇಲಿನ ಎಂಡ್‌ಪ್ಲೇಟ್ (ಡಿಸ್ಕ್‌ಗೆ ತಾಗುವ ಮೇಲ್ಮೈ) ಒಂದೇ ಗೆರೆಯಾಗಿ ಕಾಣಬೇಕು, ಸ್ಪೈನಸ್ ಪ್ರೊಸೆಸ್ (ಹಿಂದಕ್ಕೆ ಚಾಚಿದ ಮೂಳೆ) ಎರಡೂ ಪೆಡಿಕಲ್‌ಗಳ ನಟ್ಟನಡುವೆ ಇರಬೇಕು. ಸೊಂಟದ ಭಾಗ ಬಾಗಿರುವುದರಿಂದ ಎಲ್4ಕ್ಕೆ (ಸೊಂಟದ ನಾಲ್ಕನೇ ಕಶೇರುಕ) ಹೊಂದಿಸಿದ ಓರೆ ಎಲ್5ಕ್ಕೆ (ಐದನೆಯದು) ಸಾಲದು, ಪ್ರತಿ ಮಟ್ಟಕ್ಕೂ ಮತ್ತೆ ಹೊಂದಿಸಬೇಕು. ಇಲ್ಲಿ ಅವಸರ ಮಾಡಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಪೆಡಿಕಲ್ ಅನ್ನು ಗಡಿಯಾರದ ಮುಖವೆಂದುಕೊಳ್ಳಿ. ಸೂಜಿಯ ತುದಿ ಎಡಗಡೆ 9 ಗಂಟೆಯ, ಬಲಗಡೆ 3 ಗಂಟೆಯ ಜಾಗದಲ್ಲಿ ಮೂಳೆಗೆ ತಾಗಬೇಕು. ಚರ್ಮದ ಗಾಯ ಅದಕ್ಕಿಂತ ಸುಮಾರು 1 ಸೆಂ.ಮೀ. ಹೊರಗೆ. ದಪ್ಪ ಮೈಯವರಲ್ಲಿ ಇನ್ನೂ ಹೊರಗೆ, ಇಲ್ಲದಿದ್ದರೆ ಒಳಮುಖ ಕೋನ ಸಿಗುವುದಿಲ್ಲ.

ತುದಿ ಮೂಳೆಯಲ್ಲಿ ಕೂತ ಮೇಲೆ, ಚರ್ಮದಿಂದ 20 ಮಿ.ಮೀ. ಮೇಲೆ ಸೂಜಿಯ ಮೇಲೊಂದು ಗುರುತು ಹಾಕಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ, ನಡುನಡುವೆ ಚಿತ್ರ ನೋಡುತ್ತಾ, ಗುರುತು ಚರ್ಮಕ್ಕೆ ಬರುವವರೆಗೆ ಇಳಿಸಿ. ಆಗ ಎ-ಪಿಯಲ್ಲಿ ತುದಿ ಪೆಡಿಕಲ್‌ನ ಅಗಲದ ಸುಮಾರು ಮುಕ್ಕಾಲು ಭಾಗ ದಾಟಿರಬಹುದು, ಒಳ ಅಂಚನ್ನು ಮಾತ್ರ ದಾಟಿರಬಾರದು. ಈಗ ಲ್ಯಾಟರಲ್ (ಪಕ್ಕದಿಂದ ತೆಗೆದ) ಚಿತ್ರ ನೋಡಿ. ತುದಿ ಕಶೇರುಕದ ಹಿಂಗೋಡೆ ದಾಟಿದ್ದರೆ ದಾರಿ ಸರಿ. ಎ-ಪಿಯಲ್ಲಿ ಒಳ ಅಂಚು ಮುಟ್ಟಿಯೂ ಲ್ಯಾಟರಲ್‌ನಲ್ಲಿ ಇನ್ನೂ ಪೆಡಿಕಲ್‌ನಲ್ಲೇ ಇದ್ದರೆ ಸೂಜಿ ನರನಾಳದ ಕಡೆ ಹೊರಟಿದೆ ಎಂದರ್ಥ. ತಳ್ಳಬೇಡಿ, ಹೊರತೆಗೆದು ಕೋನ ತಗ್ಗಿಸಿ. ಕೆಳಗೆ ಜಾರುವುದೂ ಅಷ್ಟೇ ಅಪಾಯ: ಹೊರಹೋಗುವ ನರ ಪೆಡಿಕಲ್‌ನ ಕೆಳ-ಒಳ ಅಂಚಿಗೆ ಅಂಟಿಕೊಂಡೇ ಸಾಗುತ್ತದೆ.

ಆಮೇಲೆ ಸೂಜಿಯೊಳಗಿಂದ ಇಳಿಸುವ ಕೆ-ವೈರ್ (ದಾರಿ ತೋರುವ ತೆಳ್ಳನೆಯ ತಂತಿ) ಸೂಜಿಯ ತುದಿಯಿಂದ 10–15 ಮಿ.ಮೀ. ಮುಂದೆ ಹೋದರೆ ಸಾಕು. ಬಾಗಿದ ವೈರ್ ಟ್ಯಾಪ್‌ನೊಳಗೆ (ಸ್ಕ್ರೂವಿಗೆ ಎಳೆ ಕೊರೆಯುವ ಉಪಕರಣ) ಸಿಕ್ಕಿಕೊಂಡು ಅದರ ಜೊತೆಗೇ ಮುನ್ನುಗ್ಗುತ್ತದೆ, ಮುಂಗೋಡೆಯಾಚೆ ದೊಡ್ಡ ರಕ್ತನಾಳಗಳಿವೆ. ಒಬ್ಬರು ವೈರ್‌ನ ಬಾಲ ಹಿಡಿದಿರಲಿ, ಟ್ಯಾಪ್ ತಿರುಗುವಾಗ ಲ್ಯಾಟರಲ್ ಚಿತ್ರ ಆಗಾಗ ತೆಗೆಯುತ್ತಿರಲಿ.

ಇನ್ನು ನ್ಯಾವಿಗೇಷನ್, ಅಂದರೆ ಮೊದಲೇ ತೆಗೆದ ಸ್ಕ್ಯಾನ್ ಮೇಲೆ ಉಪಕರಣದ ಜಾಗವನ್ನು ಗಣಕ ತೋರಿಸುವ ವ್ಯವಸ್ಥೆ. ಇಲ್ಲಿ ಪರದೆಯ ಮೇಲೆ ಕಾಣುವುದು ಸೂಜಿಯಲ್ಲ, ಸೂಜಿ ಎಲ್ಲಿರಬೇಕೆಂಬ ಲೆಕ್ಕ. ಕ್ಯಾಮೆರಾ ನೋಡುವುದು ಹಿಡಿಕೆಯ ಬಳಿಯ ಗುರುತಿನ ಗೋಲಿಗಳನ್ನು, ಸೂಜಿ ನೆಟ್ಟಗಿದೆ ಎಂದು ನಂಬಿ ತುದಿಯ ಜಾಗವನ್ನು ಗಣಕ ಲೆಕ್ಕ ಹಾಕುತ್ತದೆ. ದಿಕ್ಕಿನಲ್ಲಿ 1 ಡಿಗ್ರಿ ತಪ್ಪಿದರೂ 100 ಮಿ.ಮೀ. ಆಚೆ ತುದಿ ಸುಮಾರು 1.7 ಮಿ.ಮೀ. ಸರಿದಿರುತ್ತದೆ. ಸ್ಕ್ರೂ ಎಷ್ಟು ಸರಿಯಾಗಿ ಕೂತಿದೆ ಎಂದು ಅಳೆಯುವ ಗರ್ಟ್ಸ್‌ಬೈನ್–ರಾಬಿನ್ಸ್ ಶ್ರೇಣಿಯಲ್ಲಿ ಪೆಡಿಕಲ್ ಗೋಡೆ ದಾಟಿದ್ದು 2 ಮಿ.ಮೀ.ಗಿಂತ ಕಡಿಮೆಯಿದ್ದರೆ ‘ಬಿ’, 2ರಿಂದ 4 ಮಿ.ಮೀ. ಒಳಗಿದ್ದರೆ ‘ಸಿ’. ಗಾಯ ಚಿಕ್ಕದಾಗಿ ಸ್ನಾಯು ಪಕ್ಕಕ್ಕೆ ಒತ್ತಿದಾಗ ತೆಳ್ಳಗಿನ ಸೂಜಿ ಬಾಗುವುದು ಸಹಜ. ಪರೀಕ್ಷೆ ಸುಲಭ: ತುದಿ ಮೂಳೆಯಲ್ಲಿ ಕೂತ ಮೇಲೆ ಒಂದು ಕ್ಷಣ ಹಿಡಿಕೆಯ ಮೇಲಿನ ಒತ್ತಡ ಸಡಿಲಿಸಿ. ಪರದೆಯ ಗೆರೆ ಚಿಮ್ಮಿ ಬೇರೆಡೆ ನಿಂತರೆ ನೀವು ಸೂಜಿಯನ್ನು ಬಾಗಿಸಿ ಹಿಡಿದಿದ್ದಿರಿ. ಗಾಯವನ್ನೂ ಫೇಶಿಯಾವನ್ನೂ (ಸ್ನಾಯುವಿನ ಮೇಲಿನ ಪೊರೆ) ಸ್ವಲ್ಪ ಹಿಗ್ಗಿಸಿ.

ಇನ್ನೊಂದು ತಪ್ಪು ಕಲಿಯುವವರಲ್ಲಿ ಪದೇಪದೇ ಕಾಣುತ್ತದೆ. ರೆಫರೆನ್ಸ್ ಫ್ರೇಮಿನ (ಕ್ಯಾಮೆರಾ ಲೆಕ್ಕಕ್ಕೆ ಆಧಾರವಾಗಿ ಮೂಳೆಗೆ ಬಿಗಿದ ಚೌಕಟ್ಟು) ಮೇಲಿರುವ ಗುಳಿಗೆ ತುದಿ ತಾಗಿಸಿ, ಹೊಂದಿಕೆಯಾಯಿತೆಂದು ಸಮಾಧಾನಪಡುವುದು. ಅದು ಉಪಕರಣದ ಪರೀಕ್ಷೆಯಷ್ಟೇ. ಬಟ್ಟೆ ಎಳೆದೋ ಮೊಣಕೈ ತಾಗಿಯೋ ಫ್ರೇಮ್ ಮೂಳೆಯ ಮೇಲೆ ಸರಿದಿದ್ದರೂ ಆ ಪರೀಕ್ಷೆ ಪಾಸಾಗುತ್ತದೆ. ಗುರುತು ಸಿಗುವ ಮೂಳೆಯನ್ನೇ ಮುಟ್ಟಿ ನೋಡಬೇಕು. ಫ್ರೇಮಿನಿಂದ ದೂರದ ಮಟ್ಟಗಳಲ್ಲಿ ನಿಖರತೆ ಕುಗ್ಗುತ್ತದೆ, ಅಲ್ಲಿ ಈ ಪರೀಕ್ಷೆಯನ್ನು ಮತ್ತೆ ಮಾಡಿ. ಸ್ಕ್ಯಾನ್ ಆಗುವಾಗ ಉಸಿರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಅರಿವಳಿಕೆ ತಜ್ಞರಿಗೆ ಹೇಳಿ. ಡಿಸ್ಕ್ ತೆಗೆದು ಅದರ ಜಾಗದಲ್ಲಿ ಕೇಜ್ (ಅಂತರ ಕಾಯುವ ತುಂಡು) ಕೂರಿಸಿದರೆ ಕಶೇರುಕಗಳ ನಡುವಿನ ಅಂತರವೇ ಬದಲಾಗಿ ಹಳೆಯ ಸ್ಕ್ಯಾನ್ ಸುಳ್ಳಾಗುತ್ತದೆ, ಆದ್ದರಿಂದ ಸೂಜಿಯ ಕೆಲಸ ಅದಕ್ಕೂ ಮೊದಲೇ ಮುಗಿಯಲಿ.

ವಿಕಿರಣದ ಬಗ್ಗೆ ಎರಡೇ ಮಾತು: ಲ್ಯಾಟರಲ್ ಚಿತ್ರ ತೆಗೆಯುವಾಗ ಎಕ್ಸ್‌ರೇ ಟ್ಯೂಬಿನ ಕಡೆ ನಿಲ್ಲದೆ ಇಮೇಜ್ ಇಂಟೆನ್ಸಿಫೈಯರ್ (ಚಿತ್ರ ಹಿಡಿಯುವ ಭಾಗ) ಕಡೆ ನಿಲ್ಲಿ. ದೂರ ಎರಡರಷ್ಟಾದರೆ ಪ್ರಮಾಣ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ.