ಪಾಠ ಹೇಳುವವರೂ ಪರೀಕ್ಷೆಗೆ ಕೂರಲಿ

ತೀವ್ರ ಎಂಆರ್‌ಎಸ್‌ಎ (ಹಲವು ಪ್ರತಿಜೀವಕಗಳಿಗೆ ಬಗ್ಗದ ಬ್ಯಾಕ್ಟೀರಿಯಾ) ಸೋಂಕಿಗೆ ವ್ಯಾಂಕೊಮೈಸಿನ್ ಎಂಬ ಪ್ರತಿಜೀವಕ ಕೊಡುವಾಗ ಟ್ರಫ್ ಮಟ್ಟ, ಅಂದರೆ ಮುಂದಿನ ಡೋಸ್‌ಗೆ ಮುಂಚೆ ರಕ್ತದಲ್ಲಿ ಉಳಿದಿರುವ ಔಷಧದ ಪ್ರಮಾಣ, ಲೀಟರಿಗೆ 15ರಿಂದ 20 ಮಿಲಿಗ್ರಾಂ ಇರಬೇಕು ಎಂದು ಫಾರ್ಮಸಿ ಅಧ್ಯಾಪಕರಾದ ನಾವೆಲ್ಲ ಕಲಿತೆವು, ಕಲಿಸಿದೆವು. 2009ರ ಮಾರ್ಗಸೂಚಿ ಹೇಳಿದ್ದೂ ಅದನ್ನೇ. ಆ ಮಟ್ಟ ಮುಟ್ಟಿಸಲು ಹೋಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು ಕಂಡುಬಂದ ಮೇಲೆ 2020ರಲ್ಲಿ ಮಾರ್ಗಸೂಚಿ ಬದಲಾಯಿತು. ಈಗ ದಿನವಿಡೀ ದೇಹಕ್ಕೆ ಸಿಕ್ಕ ಒಟ್ಟು ಔಷಧವನ್ನು ಸೂಚಿಸುವ ಎಯುಸಿಯನ್ನು ಲೆಕ್ಕ ಹಾಕಿ, ಬ್ಯಾಕ್ಟೀರಿಯಾದ ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಔಷಧ ಸಾಂದ್ರತೆಯಾದ ಎಂಐಸಿಗೆ ಅದರ ಅನುಪಾತ 400ರಿಂದ 600ರೊಳಗೆ ಇರುವಂತೆ ಡೋಸ್ ಹೊಂದಿಸಬೇಕು. ಹಳೆಯ ಸ್ಲೈಡ್ ಇಟ್ಟುಕೊಂಡೇ ಪಾಠ ಮುಗಿಸಿದರೆ ವಿದ್ಯಾರ್ಥಿ ಹಳೆಯ ಅಂಕಿಯನ್ನೇ ರೋಗಿಯ ಹಾಸಿಗೆಯವರೆಗೆ ಒಯ್ಯುತ್ತಾನೆ.

ಇದರಲ್ಲಿ ಮೇಷ್ಟ್ರ ಸೋಮಾರಿತನವೇನೂ ಇಲ್ಲ. ಒಮ್ಮೆ ಪದವಿ ಪಡೆದವರನ್ನು ಮತ್ತೆ ಪ್ರಶ್ನೆ ಕೇಳುವವರೇ ಇರುವುದಿಲ್ಲ. ತಜ್ಞ ಪ್ರಮಾಣಪತ್ರ ಬೇಕೆನ್ನುವುದು ಈ ಕಾರಣಕ್ಕೇ. ಅಮೆರಿಕದಲ್ಲಿ 1976ರಲ್ಲಿ ಶುರುವಾದ ಬೋರ್ಡ್ ಆಫ್ ಫಾರ್ಮಸಿ ಸ್ಪೆಷಾಲಿಟೀಸ್ ಎಂಬ ಸಂಸ್ಥೆ ಫಾರ್ಮಸಿಸ್ಟರಿಗೆ ಫಾರ್ಮಕೊಥೆರಪಿ (ಔಷಧ ಚಿಕಿತ್ಸೆ), ಆಂಕಾಲಜಿ (ಕ್ಯಾನ್ಸರ್ ಚಿಕಿತ್ಸೆ), ಮನೋರೋಗ, ಮಕ್ಕಳ ಚಿಕಿತ್ಸೆ ಮುಂತಾದ ವಿಭಾಗಗಳಲ್ಲಿ ಪ್ರಮಾಣಪತ್ರ ಕೊಡುತ್ತದೆ. ಪರೀಕ್ಷೆಗೆ ಕೂರಲು ಪದವಿ, ಪರವಾನಗಿಯ ಜೊತೆಗೆ ವೃತ್ತಿ ಅನುಭವವೋ ರೆಸಿಡೆನ್ಸಿ ಎಂಬ ಪದವಿಯ ನಂತರದ ತರಬೇತಿಯೋ ಇರಬೇಕು. ಪಾಸಾದರೂ ಅದು ಶಾಶ್ವತವಲ್ಲ, 7 ವರ್ಷಕ್ಕೊಮ್ಮೆ ನವೀಕರಿಸಬೇಕು. ನನ್ನ ದೃಷ್ಟಿಯಲ್ಲಿ ಹೆಸರಿನ ಮುಂದೆ ಸೇರುವ ಅಕ್ಷರಗಳಿಗಿಂತ ಈ ನವೀಕರಣವೇ ದೊಡ್ಡದು.

ಎಲ್ಲ ಅಧ್ಯಾಪಕರಿಗೂ ಇದು ಬೇಕಿಲ್ಲ. ಔಷಧ ರಸಾಯನಶಾಸ್ತ್ರ ಕಲಿಸುವವರಿಗೆ ಪ್ರಯೋಗಾಲಯದ ಸಂಶೋಧನೆಯೇ ಸಾಣೆ. ವಾರ್ಡಿನ ಪಾಠ ಹೇಳುವವರ ಮಾತು ಬೇರೆ.

ಹಾಗಿದ್ದೂ ಅವರು ಹಿಂಜರಿಯುವುದೇಕೆ? ಶುಲ್ಕ, ಸಮಯ ಎಂದು ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಬಾಯಿಬಿಟ್ಟು ಹೇಳದ ಕಾರಣ ಇನ್ನೊಂದಿದೆ: ಫೇಲಾದರೆ ವಿದ್ಯಾರ್ಥಿಗಳಿಗೆ ಮುಖ ತೋರಿಸುವುದು ಹೇಗೆ ಎಂಬ ಅಳುಕು. ಇದನ್ನು ಹೋಗಲಾಡಿಸುವುದು ವಿಭಾಗದ ಮುಖ್ಯಸ್ಥರ ಕೈಯಲ್ಲಿದೆ. ಯಾರು ಅರ್ಜಿ ಹಾಕಿದ್ದಾರೆ ಎಂಬುದು ಗುಟ್ಟಾಗಿರಲಿ. ಫಲಿತಾಂಶ ಏನೇ ಬರಲಿ, ಶುಲ್ಕವನ್ನು ಸಂಸ್ಥೆಯೇ ಕಟ್ಟಲಿ. ಪರೀಕ್ಷೆಗೆ ಮುಂಚಿನ ತಿಂಗಳುಗಳಲ್ಲಿ ಒಂದೆರಡು ತರಗತಿಗಳನ್ನು ಸಹೋದ್ಯೋಗಿಗಳು ಹಂಚಿಕೊಳ್ಳಲಿ. ಮೂರ್ನಾಲ್ಕು ಜನ ಸೇರಿ ವಾರಕ್ಕೊಂದು ಕೇಸ್ ಹಿಡಿದು ಚರ್ಚಿಸಿದರೆ ಒಂಟಿಯಾಗಿ ಓದುವುದಕ್ಕಿಂತ ಹೆಚ್ಚು ತಲೆಗೆ ಹತ್ತುತ್ತದೆ, ಅಳುಕೂ ಕಡಿಮೆಯಾಗುತ್ತದೆ.

ಬಡ್ತಿಯ ವಿಷಯವನ್ನೂ ಬಿಡುವಂತಿಲ್ಲ. ಪ್ರಕಟವಾದ ಲೇಖನಗಳನ್ನು ಎಣಿಸುವ ಸಮಿತಿ ಪ್ರಮಾಣಪತ್ರಕ್ಕೂ, ಅದರ ನವೀಕರಣಕ್ಕೂ ಅಂಕ ಕೊಡಬೇಕು. ಅಲ್ಲಿಯವರೆಗೆ ಕಿರಿಯ ಅಧ್ಯಾಪಕರು ತಮ್ಮ ಸಂಜೆಗಳನ್ನು ಲೇಖನಕ್ಕೇ ಮೀಸಲಿಡುತ್ತಾರೆ. ಅವರನ್ನು ದೂರುವುದರಲ್ಲಿ ನ್ಯಾಯವಿಲ್ಲ.